ಪಾದಪೂಜೆಗೆ ಅಪ್ಪಣೆ ಬೇಕು, ಅಜ್ಜಿಯ ಮೈ ಮುಟ್ಟಲು ಬೇಡವೇ?



ಮನೆಗೆ ಸ್ವಾಮಿಗಳು ದಯಮಾಡಿಸಿದಾಗ ನಾವು ಏನು ಮಾಡುತ್ತೇವೆ? ತಂಬಿಗೆಯಲ್ಲಿ ನೀರು, ತಟ್ಟೆ, ವಿಭೂತಿ, ಹೂವು, ಪತ್ರೆ ಎಲ್ಲವನ್ನೂ ಸಿದ್ಧಮಾಡಿಕೊಂಡು ಕೈಮುಗಿದು, "ಅಪ್ಪಣೆಯಾಗಲಿ ಬುದ್ಧಿ" ಎಂದು ನಿಲ್ಲುತ್ತೇವೆ. ಅವರು ಹೂಂ ಎಂದ ಮೇಲೆಯೇ ಪಾದ ಮುಟ್ಟುವುದು. "ಇವತ್ತು ಬೇಡ, ಕಾಲು ನೋಯುತ್ತಿದೆ" ಎಂದರೆ ಅಲ್ಲಿಗೆ ಮುಗಿಯಿತು. ಯಾವ ಭಕ್ತನೂ ಗುರುವಿನ ಕಾಲು ಹಿಡಿದೆಳೆದು ತೊಳೆಯುವುದಿಲ್ಲ.

ಇದೇ ಭಕ್ತರ ತಾಯಂದಿರು ವೃದ್ಧಾಶ್ರಮದಲ್ಲಿ "ಇವತ್ತು ಸ್ನಾನ ಬೇಡಮ್ಮ" ಎಂದರೆ ಏನಾಗುತ್ತದೆ? ಎಷ್ಟೋ ಕಡೆ ಇಬ್ಬರು ಬಂದು ತೋಳು ಹಿಡಿದು ಬಚ್ಚಲಿಗೆ ನಡೆಸಿಕೊಂಡು ಹೋಗಿ, ಸೀರೆ ಬಿಚ್ಚಿ ನೀರು ಹುಯ್ಯುತ್ತಾರೆ. ಅದನ್ನು ನಾವು ಸೇವೆ ಎನ್ನುತ್ತೇವೆ. ಅದು ಬಲವಂತ. ನಮ್ಮ ಧರ್ಮದಲ್ಲಿ ಅದಕ್ಕೆ ಜಾಗವಿಲ್ಲ, ನೆಲದ ಕಾನೂನಿನಲ್ಲೂ ಇಲ್ಲ. ಇದನ್ನು ಹೇಳುವ ಅಧಿಕಾರ ನನಗೆ ಬಂದಿರುವುದು ಈ ತಪ್ಪನ್ನು ನಾನೇ ಮಾಡಿದ್ದರಿಂದ.

ಬೆಂಗಳೂರು ಬಿಟ್ಟು ಮಾಗಡಿ ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಹೊರಟರೆ ಈಗ ವೃದ್ಧಾಶ್ರಮಗಳ ಬೋರ್ಡುಗಳು ಅಲ್ಲಲ್ಲಿ ಕಾಣುತ್ತವೆ. ಸಾವನದುರ್ಗದ ಕರಿಗುಡ್ಡ ಕಿಟಕಿಯಲ್ಲಿ ಕಾಣುವಂಥ ಒಂದು ಆಶ್ರಮಕ್ಕೆ ನಮ್ಮ ದೊಡ್ಡಮ್ಮನನ್ನು ಸೇರಿಸಿದವನು ನಾನು. ಅವರಿಗೆ ಮಕ್ಕಳಿಲ್ಲ. ನನ್ನನ್ನು ಓದಿಸಿದವರು ಅವರೇ. ಆಗ ವಯಸ್ಸು ಎಂಬತ್ತನಾಲ್ಕು; ಜಾರಿಬಿದ್ದು ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿ ಇದ್ದಾನೆ, ಗಾಳಿ ಬೆಳಕು ಚೆನ್ನಾಗಿದೆ ಎಂದು ಅವರೂ ಒಪ್ಪಿದರು.

ಸೇರಿಸುವ ದಿನ ಒಂದು ಅರ್ಜಿ ಕೊಟ್ಟರು. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಹೆಚ್ಚುಕಡಿಮೆಯಾದರೆ ಯಾರಿಗೆ ಫೋನ್ ಮಾಡಬೇಕು, ತಿಂಗಳ ಹಣ ಯಾರು ಕಟ್ಟುತ್ತಾರೆ. ಕೊನೆಗೆ ಒಂದು ಸಾಲು: ಆರೈಕೆಯ ವಿಷಯದಲ್ಲಿ ಆಡಳಿತದ ತೀರ್ಮಾನವೇ ಅಂತಿಮ. ನೌಕರಿಯ ಉದ್ದಕ್ಕೂ ಟೆಂಡರಿನ ಒಂದೊಂದು ಷರತ್ತನ್ನೂ ಕನ್ನಡಕ ಹಾಕಿಕೊಂಡು ಓದಿದ ಇಂಜಿನಿಯರ್ ಆ ಸಾಲನ್ನು ಓದದೆ ಸಹಿ ಹಾಕಿದೆ. ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ಅವರ ಸಹಿಗೆ ಜಾಗವಿರಲಿಲ್ಲ, ಇಲ್ಲವಲ್ಲ ಎಂದು ನನಗೂ ಅನ್ನಿಸಲಿಲ್ಲ. ಹೊರಡುವಾಗ ಮ್ಯಾನೇಜರಿಗೆ, "ದಿನಾ ಸ್ನಾನ ಮಾಡಿಸಿ, ಚೊಕ್ಕಟವಾಗಿಡಿ. ದುಡ್ಡಿನ ಯೋಚನೆ ಬೇಡ" ಎಂದು ದೊಡ್ಡ ಮನುಷ್ಯನಂತೆ ಹೇಳಿ ಬಂದೆ.

ಮೂರನೆಯ ವಾರ ಹೋದಾಗ ಅವರ ಎರಡೂ ಮಣಿಕಟ್ಟಿನಲ್ಲಿ ನೀಲಿ ಕಲೆ. ಕೇಳಿದ್ದಕ್ಕೆ ಮ್ಯಾನೇಜರ್, "ಸ್ವಲ್ಪ ಹಠ ಸಾರ್, ಬಚ್ಚಲಲ್ಲಿ ಕಂಬಿ ಹಿಡಕೊಂಡು ಬಿಡೋದೇ ಇಲ್ಲ" ಎಂದರು. ರಿಜಿಸ್ಟರ್ ತೋರಿಸಿದರು. ಸ್ನಾನದ ಕಾಲಮಿನಲ್ಲಿ ಇಪ್ಪತ್ತು ದಿನವೂ ಸರಿ ಗುರುತು. "ಬೇಡ ಎಂದರು" ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಮೇ ಇರಲಿಲ್ಲ. ನಮ್ಮ ಲೋಕೋಪಯೋಗಿ ಕೆಲಸಗಳಲ್ಲಿ ಒಂದು ಮಾತಿದೆ: ಅಳತೆ ಪುಸ್ತಕದಲ್ಲಿ ಬರೆಯದ ಕೆಲಸ ಆಗಿಲ್ಲವೆಂದೇ ಲೆಕ್ಕ. ಹಾಗೆಯೇ, ಆ ಪುಸ್ತಕದ ಪ್ರಕಾರ ನಮ್ಮ ದೊಡ್ಡಮ್ಮ ಒಂದು ದಿನವೂ ಬೇಡ ಎಂದಿರಲಿಲ್ಲ.

ಅವರ ಹತ್ತಿರ ಕುಳಿತೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಸ್ನಾನ ಬೇಡ ಅಂತ ಯಾರಪ್ಪ ಅಂದೋರು? ಆ ಹುಡುಗ ಬೇಡ ಅಂದೆ. ಲಿಂಗ ತೆಗೆದು ಸೋಪಿನ ಡಬ್ಬಿ ಪಕ್ಕ ಇಡಬೇಡಿ ಅಂದೆ. ಹೊತ್ತು ನೆತ್ತಿಗೇರಿದ ಮೇಲೆ ಸ್ನಾನ ಮಾಡಿ ಯಾವ ಪೂಜೆ ಮಾಡ್ಲಿ? ನನ್ನ ಮೈ ಇನ್ನೂ ನನ್ನದೇ ಅಲ್ವೇನಪ್ಪ?"

ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಾಗ ಕೊರಳಿಗೆ ಬಂದ ಕರಡಿಗೆ ಅದು. ಬಾಣಂತಿತನ ಕಾಣದ, ಗಂಡನನ್ನು ಬೇಗ ಕಳೆದುಕೊಂಡ ಆ ಜೀವಕ್ಕೆ ಎಪ್ಪತ್ತಾರು ವರ್ಷ ಜೊತೆಗಿದ್ದದ್ದು ಅದೊಂದೇ. ಶಿವದಾರವನ್ನು ತಲೆಯಿಂದೆತ್ತಿ ಕಿಟಕಿಯ ಮೇಲೆ, ಬಾಚಣಿಗೆ ಮತ್ತು ಸೋಪಿನ ನಡುವೆ ಇಡುತ್ತಿದ್ದ ಹುಡುಗನಿಗೆ ಅದೇನೆಂದು ಗೊತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ಹಿರಿಯರಿಗೆ ಅವನೂ ಒಬ್ಬ ಆಯಾ ಇಬ್ಬರೇ. ದಿನಾ ಸ್ನಾನ ಮಾಡಿಸಬೇಕೆಂಬ ಅಪ್ಪಣೆ ಅವನಿಗೆ ಬಂದದ್ದು ನನ್ನ ಬಾಯಿಂದ.

ಈಗ ನಮ್ಮ ಧರ್ಮದ ಮಾತಿಗೆ ಬರೋಣ. ಕಲ್ಲಿನ ಗುಡಿಯನ್ನು ಬಿಟ್ಟು ಮನುಷ್ಯನ ಶರೀರವನ್ನೇ ಗುಡಿ ಮಾಡಿದವರು ಹನ್ನೆರಡನೆಯ ಶತಮಾನದ ಶರಣರು. ದೇವರನ್ನು ಮೈಮೇಲೆ ಧರಿಸುವ ನಮಗೆ ಮೈ ಬೇರೆ, ದೇವಸ್ಥಾನ ಬೇರೆ ಅಲ್ಲ. ಹಾಗಾದರೆ ಆ ಗುಡಿಯ ಬಾಗಿಲು ತೆರೆಯುವ ಅಧಿಕಾರ ಯಾರದು? ಅದರೊಳಗಿರುವವರದೇ. ಎಂಬತ್ತು ದಾಟಿದ ಕೂಡಲೇ ಬೀಗದ ಕೈ ಮಗನಿಗೋ ಮ್ಯಾನೇಜರಿಗೋ ಹೋಗುತ್ತದೆ ಎಂದು ಯಾವ ಶರಣರೂ ಹೇಳಿಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಾವು ವೇದಿಕೆಗಳಲ್ಲಿ ಚೆನ್ನಾಗಿ ವಿವರಿಸುತ್ತೇವೆ. ದಾನದಲ್ಲಿ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ದಾಸನು ಒಡೆಯನನ್ನು ಕೇಳದೆ ಒಡೆಯನ ಮೈ ಮುಟ್ಟುತ್ತಾನೆಯೇ? ಕೇಳದೆ ಮಾಡಿದ ಆರೈಕೆ ಎಷ್ಟೇ ಚೊಕ್ಕಟವಾಗಿದ್ದರೂ ಅದರಲ್ಲಿ ದಾಸೋಹದ ಗುಣವಿಲ್ಲ.

ಅಕ್ಕಮಹಾದೇವಿಯವರ ಜಯಂತಿಯನ್ನು ಊರೂರಲ್ಲಿ ಮಾಡುತ್ತೇವೆ. ಕೌಶಿಕನ ಅರಮನೆಯಲ್ಲಿ ಅಕ್ಕನಿಗೆ ಊಟ, ಬಟ್ಟೆ, ದಾದಿಯರು ಯಾವುದಕ್ಕೂ ಕೊರತೆಯಿರಲಿಲ್ಲ. ಅವರ 'ಬೇಡ'ಕ್ಕೆ ಮಾತ್ರ ಅಲ್ಲಿ ಬೆಲೆಯಿರಲಿಲ್ಲ, ಅದಕ್ಕಾಗಿ ಅರಮನೆಯನ್ನೇ ಬಿಟ್ಟು ಹೊರಟರು. ಅಕ್ಕ ಆಡಿದರೆ ಅದು ವೈರಾಗ್ಯ, ನಮ್ಮ ಮನೆಯ ಅಜ್ಜಿ ಅದೇ ಮಾತು ಆಡಿದರೆ ಹಠ. ಈ ಎರಡು ನಾಲಿಗೆ ನಮಗೆ ಎಲ್ಲಿಂದ ಬಂತು?

ನಮ್ಮ ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದವರು ಸಿದ್ಧಗಂಗೆಯ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು. 2019ರ ಜನವರಿಯಲ್ಲಿ ಪೂರ್ತಿ ಗುಣವಾಗದಿದ್ದರೂ ಅವರನ್ನು ಆಸ್ಪತ್ರೆಯಿಂದ ಮಠಕ್ಕೆ ಕರೆತಂದರು. ವೈದ್ಯರು ಮಠಕ್ಕೇ ಬಂದು ನೋಡಿಕೊಂಡರು. ಜನವರಿ 21ರಂದು ಮಠದಲ್ಲಿಯೇ ಲಿಂಗೈಕ್ಯರಾದರು. ಇಷ್ಟಲಿಂಗ ಪೂಜೆಯಿಂದ ದಿನ ಶುರುವಾಗುತ್ತಿದ್ದ ಆ ಹಿರಿಯ ಜೀವ ಎಲ್ಲಿರಬೇಕು, ಹೇಗಿರಬೇಕು ಎಂಬುದು ನಾಡಿಗೆಲ್ಲ ತಾನಾಗಿಯೇ ಅರ್ಥವಾಯಿತು. ಸ್ವಾಮಿಗಳ ವಿಷಯದಲ್ಲಿ ಅರ್ಥವಾದದ್ದು ಅವರದೇ ತಾಲ್ಲೂಕಿನ ಒಬ್ಬ ಸಾಮಾನ್ಯ ಹೆಣ್ಣುಮಗಳ ವಿಷಯದಲ್ಲಿ ಏಕೆ ಅರ್ಥವಾಗುವುದಿಲ್ಲ? ಲಿಂಗ ಕಟ್ಟಿಕೊಂಡವರಲ್ಲಿ ಮೇಲುಕೀಳಿಲ್ಲ ಎಂದು ಸಾರಿದ ಧರ್ಮವಲ್ಲವೇ ನಮ್ಮದು?

ಇನ್ನು ಕಾನೂನು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ತನ್ನ ಶರೀರದ ಮೇಲಿನ ಅಧಿಕಾರವೂ ಆ ಹಕ್ಕಿನಲ್ಲಿ ಸೇರಿದೆ. ಅದನ್ನು ದೇಶಕ್ಕೆಲ್ಲ ಗೆದ್ದುಕೊಟ್ಟಾಗ ಪುಟ್ಟಸ್ವಾಮಿಯವರಿಗೆ ತೊಂಬತ್ತು ದಾಟಿತ್ತು. ಮುದುಕರಿಗೆ ಹಕ್ಕಿನ ಮಾತೇಕೆ ಎನ್ನುವವರು ಇದನ್ನು ನೆನಪಿಡಲಿ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಗೌರವದಿಂದ ಸಾಯುವ ಹಕ್ಕನ್ನು ಒಪ್ಪಿತು. ಗುಣವಾಗದ ಸ್ಥಿತಿ ಬಂದಾಗ ಯಂತ್ರಗಳ ಮೂಲಕ ಜೀವ ಹಿಡಿದಿಡುವುದು ಬೇಡ ಎಂದು ಮೊದಲೇ ಬರೆದಿಡಬಹುದು ಎಂದಿತು. 2023ರ ಜನವರಿಯಲ್ಲಿ ಅದರ ವಿಧಾನ ಸರಳವಾಯಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಈ ಹಕ್ಕಿಗಾಗಿ ವರ್ಷಗಟ್ಟಲೆ ಅಧಿಕಾರಸ್ಥರಿಗೆ ಬರೆದು ಬರೆದು ಹೋರಾಡಿದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು. ಸಾವಿನ ಹೊಸ್ತಿಲಲ್ಲಿ ವೆಂಟಿಲೇಟರ್ ಬೇಡ ಎನ್ನುವ ಹಕ್ಕು ಒಬ್ಬ ಹಿರಿಯರಿಗೆ ಇದೆ ಎಂದಾದರೆ, ಬದುಕಿ ಕುಳಿತಿರುವಾಗ ಅಪರಿಚಿತ ಗಂಡಸು ಸ್ನಾನ ಮಾಡಿಸುವುದು ಬೇಡ ಎನ್ನುವ ಹಕ್ಕು ಇಲ್ಲವೇ?

2007ರ ಹಿರಿಯ ನಾಗರಿಕರ ಕಾಯ್ದೆಯನ್ನು ಓದಿ ನೋಡಿದೆ. ಜೀವನಾಂಶ ಎಂದರೆ ಊಟ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಎನ್ನುತ್ತದೆ. ಜಿಲ್ಲೆಗೊಂದು ವೃದ್ಧಾಶ್ರಮದ ಮಾತಾಡುವ 19ನೆಯ ಕಲಮು ವೈದ್ಯಕೀಯ ಆರೈಕೆಗೂ ಮನರಂಜನೆಗೂ ಬೇಕಾದ ಸೇವೆಗಳ ಮಟ್ಟವನ್ನು ನಿಗದಿಪಡಿಸಲು ಸರ್ಕಾರಕ್ಕೆ ಹೇಳುತ್ತದೆ. ಅಲ್ಲಿ ಟಿವಿಗೆ ಜಾಗವಿದೆ, ಅಜ್ಜಿಯ 'ಬೇಡ'ಕ್ಕೆ ಒಂದು ಸಾಲೂ ಇಲ್ಲ. ಸರ್ಕಾರ ಅದನ್ನು ಬರೆಯುವವರೆಗೆ ನಾವು ಕಾಯಬೇಕೇ? ಕಾಯಕದ ವಿಷಯದಲ್ಲಿ ಶರಣರು ಅರಸನ ಕಾನೂನಿಗೆ ಕಾದವರಲ್ಲ.

ಈ ಮಾತನ್ನು ಹೇಳಿದಾಗಲೆಲ್ಲ ನನಗೆ ಸಿಗುವ ಮೊದಲ ಉತ್ತರ, "ಮುದುಕರು ಮಕ್ಕಳಿದ್ದ ಹಾಗೆ ಬಿಡಿ." ಕೇಳಲು ಪ್ರೀತಿಯ ಮಾತು. ಆದರೆ ಅದರಷ್ಟು ಅನ್ಯಾಯದ ಮಾತು ಇನ್ನೊಂದಿಲ್ಲ. ಮಗುವಿಗೆ ಹಿಂದಿನ ಬದುಕಿಲ್ಲ, ರೂಢಿಯಾದ ನಾಚಿಕೆಯಿಲ್ಲ, ಕಟ್ಟಿಕೊಂಡ ವ್ರತವಿಲ್ಲ. ಎಂಬತ್ತು ವರ್ಷ ಮನೆ, ಹೊಲ, ನೆಂಟರು, ಸಾಲ, ಸಾವು ಎಲ್ಲವನ್ನೂ ನಿಭಾಯಿಸಿದ ಹೆಂಗಸು ಸೊಂಟ ಮುರಿದ ಮಾತ್ರಕ್ಕೆ ಮಗುವಾಗುವುದಿಲ್ಲ. ಮುರಿದದ್ದು ಮೂಳೆ.

ಎರಡನೆಯ ಉತ್ತರ, "ಹಾಗೇ ಬಿಟ್ಟರೆ ನಾರುತ್ತಾರೆ, ಹುಣ್ಣಾಗುತ್ತದೆ." ಇದಕ್ಕೆ ಉತ್ತರ ಕೊಡಲೇಬೇಕು. ದಿನಾ ತಲೆಯಿಂದ ಕಾಲಿನವರೆಗೆ ನೀರು ಹುಯ್ಯುವುದು ನಮ್ಮ ರೂಢಿ. ವೈದ್ಯಕೀಯವಾಗಿ ಅದು ಅನಿವಾರ್ಯವಲ್ಲ. ವಯಸ್ಸಾದವರ ಚರ್ಮ ತೆಳು, ಸೋಪು ಹೆಚ್ಚಾದರೆ ಒಣಗಿ ಬಿರಿಯುತ್ತದೆ. ಮುಖ, ಕೈ, ಕಂಕುಳು, ತೊಡೆಸಂದುಗಳನ್ನು ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ದಿನಗಳಿಗೆ ಸಾಕು. ಮಲಗಿದಲ್ಲೇ ಇರುವವರಿಗೆ ಬೆನ್ನುಹುಣ್ಣು ಬರುವುದು ಸ್ನಾನ ತಪ್ಪಿದ್ದರಿಂದಲ್ಲ. ಮಗ್ಗುಲು ಬದಲಿಸದೆ ಒಂದೇ ಕಡೆ ಭಾರ ಬಿದ್ದದ್ದರಿಂದ, ಒದ್ದೆಯಲ್ಲೇ ಮಲಗಿಸಿದ್ದರಿಂದ. ಅದಕ್ಕೆ ಬೇಕಾದದ್ದು ಹೊತ್ತುಹೊತ್ತಿಗೆ ಬಂದು ನೋಡುವ ಜನ. ಬಲವಂತದ ಸ್ನಾನ ಆ ಜನರಿಲ್ಲದ್ದನ್ನು ಮುಚ್ಚಿಡುತ್ತದೆ ಅಷ್ಟೆ.

ಅಲ್ಲದೆ, ಬೇಡ ಎಂಬುದರ ಹಿಂದೆ ಕಾರಣವಿರುತ್ತದೆ. ಕೀಲುನೋವು, ತಣ್ಣೀರಿನ ಭಯ, ನುಣುಪಾದ ಟೈಲ್ಸಿನ ಮೇಲೆ ಮತ್ತೆ ಬೀಳುವ ಭಯ, ಮೂತ್ರದ ಉರಿ, ಪರಪುರುಷನ ಮುಂದಿನ ನಾಚಿಕೆ, ಬದುಕೇ ಸಾಕೆನಿಸಿದ ಬೇಸರ. ಕೇಳಿದರೆ ಕಾಯಿಲೆ ಗೊತ್ತಾಗುತ್ತದೆ. ಕೈ ಹಿಡಿದೆಳೆದರೆ ಕಾರಣವೂ ಬಚ್ಚಲಿನ ನೀರಿನ ಜೊತೆ ಹರಿದುಹೋಗುತ್ತದೆ.

ಮೂರನೆಯ ಉತ್ತರವೇ ಎಲ್ಲಕ್ಕಿಂತ ಕಷ್ಟದ್ದು. "ಅರಳುಮರಳು ಬಂದವರಿಗೆ ಬೇಕು ಬೇಡ ಏನು ಗೊತ್ತಾಗುತ್ತದೆ?" ಮಗನ ಹೆಸರು ಮರೆತವರು ನಾಚಿಕೆಯನ್ನು ಮರೆತಿರುವುದಿಲ್ಲ. ಅವರು ಕಂಬಿ ಹಿಡಿದುಕೊಳ್ಳುವುದೂ ಸೆರಗು ಬಿಗಿಹಿಡಿಯುವುದೂ ಮಾತೇ. ಆಗ ನಿಲ್ಲಿಸಬೇಕು, ಅರ್ಧ ಗಂಟೆ ಬಿಟ್ಟು, ಅವರಿಗೆ ಒಗ್ಗುವ ಇನ್ನೊಬ್ಬರು ಹೋಗಬೇಕು. ಮಲಮೂತ್ರವಾಗಿದ್ದರೆ, ಗಾಯವಿದ್ದರೆ ಸುಮ್ಮನಿರಲಾಗದು, ನಿಜ. ಆಗಲೂ ಎಷ್ಟು ಬೇಕೋ ಅಷ್ಟೇ ಭಾಗವನ್ನು, ಉಳಿದ ಮೈಗೆ ಬಟ್ಟೆ ಹೊದಿಸಿ, ಏನು ಮಾಡುತ್ತಿದ್ದೇವೆಂದು ಹೇಳುತ್ತ ಒರೆಸಬಹುದು. ಮಾನಸಿಕ ಚಿಕಿತ್ಸಾ ಸಂಸ್ಥೆಗಳಿಗೆ ಅನ್ವಯವಾಗುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ಕಟ್ಟಿಹಾಕುವುದಕ್ಕೂ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿ ಬೇಕು. ಇನ್ನೊಬ್ಬರ ಕಣ್ಣಿಗೆ ತಪ್ಪಾಗಿ ಕಾಣುವ ತೀರ್ಮಾನ ತೆಗೆದುಕೊಂಡ ಮಾತ್ರಕ್ಕೆ ಒಬ್ಬರಿಗೆ ತೀರ್ಮಾನಿಸುವ ಶಕ್ತಿಯಿಲ್ಲ ಎನ್ನುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಮಾನಸಿಕ ರೋಗಿಗೆ ಇರುವ ಈ ರಕ್ಷಣೆ ಮಠದ ವೃದ್ಧಾಶ್ರಮದಲ್ಲಿರುವ ಅಜ್ಜನಿಗೆ ಇಲ್ಲದೆ ಹೋಗುವುದು ಯಾವ ನ್ಯಾಯ?

ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಈ ಹಕ್ಕನ್ನೇ ನೆಪಮಾಡಿಕೊಂಡು, "ಅವರೇ ಬೇಡ ಅಂದರು" ಎಂದು ಕೊಳೆಯಲ್ಲೇ ಬಿಟ್ಟುಬಿಡುವ ಆಡಳಿತಗಳೂ ಇರುತ್ತವೆ. ಹಿರಿಯರ 'ಬೇಡ' ಆಡಳಿತಕ್ಕೆ ಸಿಕ್ಕ ರಜೆಯಲ್ಲ. ಯಾರು ಕೇಳಿದರು, ಎಷ್ಟು ಸಲ ಕೇಳಿದರು, ಬದಲಿಗೆ ಏನು ಮಾಡಿದರು ಎಂಬುದು ಪುಸ್ತಕದಲ್ಲಿ ಇರಬೇಕು.

ಆದ್ದರಿಂದ ವೃದ್ಧಾಶ್ರಮ ನಡೆಸುವ ನಮ್ಮ ಮಠಗಳ, ಟ್ರಸ್ಟುಗಳ ಮುಂದೆ ಕೆಲವು ಬೇಡಿಕೆಗಳನ್ನು ಇಡುತ್ತೇನೆ. ಸೇರಿಸಿಕೊಳ್ಳುವ ಅರ್ಜಿಯಲ್ಲಿ ಮಕ್ಕಳ ಸಹಿಗಿಂತ ಮೊದಲು ಹಿರಿಯರ ಸಹಿ ಅಥವಾ ಹೆಬ್ಬೆಟ್ಟು ಇರಲಿ. ಸ್ನಾನ ಎಷ್ಟು ಹೊತ್ತಿಗೆ, ಯಾರು ಮಾಡಿಸಬೇಕು, ಕೂದಲು ಕತ್ತರಿಸಬಹುದೇ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ. ಹೆಂಗಸರ ಮೈಯನ್ನು ಹೆಂಗಸರೇ ನೋಡಿಕೊಳ್ಳಲಿ. ಇಷ್ಟಲಿಂಗವನ್ನು ಕೇಳದೆ ಯಾರೂ ಮುಟ್ಟಬಾರದು. ಸ್ಕ್ಯಾನಿಂಗಿಗೋ ಶಸ್ತ್ರಚಿಕಿತ್ಸೆಗೋ ತೆಗೆಯಲೇಬೇಕಾದರೆ ಅವರ ಅಂಗೈಗೆ ಅಥವಾ ಅವರು ಹೇಳಿದವರ ಕೈಗೆ ಕೊಡಬೇಕು. ಬಚ್ಚಲಿಗೆ ಹೋಗಬಲ್ಲವರಿಗೆ ಕೆಲಸ ಹಗುರವಾಗಲೆಂದು ಡೈಪರ್ ಹಾಕುವುದು, ಹೇನಿನ ಹೆಸರಿನಲ್ಲಿ ತಲೆ ಬೋಳಿಸುವುದು, ಮಾತ್ರೆಯನ್ನು ಹೇಳದೆ ಅನ್ನದಲ್ಲಿ ಕಲಸುವುದು ನಿಲ್ಲಬೇಕು. ರಿಜಿಸ್ಟರಿನಲ್ಲಿ 'ಬೇಡ ಎಂದರು' ಎಂಬ ಕಾಲಮು ಬರಬೇಕು. ಅಕ್ಕನ ಬಳಗದ ಇಬ್ಬರು ತಾಯಂದಿರು ತಿಂಗಳಿಗೊಮ್ಮೆ ಹೋಗಿ, ಮ್ಯಾನೇಜರ್ ಪಕ್ಕದಲ್ಲಿಲ್ಲದಾಗ ಹಿರಿಯರ ಜೊತೆ ಕುಳಿತು ಮಾತಾಡಲಿ.

ಈ ಹಕ್ಕು ನಮಗೆ ಒಗ್ಗದ ಕಡೆಯೂ ನಡೆಯಬೇಕು. ನಮ್ಮ ಆಶ್ರಮದಲ್ಲಿರುವ ಹಿರಿಯರೊಬ್ಬರು ವಿಭೂತಿ ಬೇಡ, ಸಾಮೂಹಿಕ ಪ್ರಾರ್ಥನೆಗೆ ಬರುವುದಿಲ್ಲ ಎಂದರೆ ಅದಕ್ಕೂ ತಲೆಬಾಗಬೇಕು. ನಮಗೆ ಬೇಕಾದ 'ಬೇಡ'ಗಳನ್ನು ಮಾತ್ರ ಒಪ್ಪಿದರೆ ಅದು ಹಕ್ಕು ಎನ್ನಿಸಿಕೊಳ್ಳುವುದಿಲ್ಲ.

ಆಯಾಗಳ ಮಾತನ್ನು ಬಿಟ್ಟರೆ ಇದೆಲ್ಲ ಕಾಗದದಲ್ಲೇ ಉಳಿಯುತ್ತದೆ. ಕಾಯಕದಲ್ಲಿ ಮೇಲುಕೀಳಿಲ್ಲ ಎನ್ನುವ ನಾವು ಹಿರಿಯರ ಮಲಮೂತ್ರ ಬಳಿಯುವ ಹೆಣ್ಣುಮಗಳಿಗೆ ಕೊಡುವ ಸಂಬಳವೆಷ್ಟು? ಇಪ್ಪತ್ತೆರಡು ಜನರ ಹೊಣೆ ಇಬ್ಬರ ಮೇಲೆ ಹೊರಿಸಿ, ತಾಳ್ಮೆಯಿಂದ ಕೇಳಿ ಕೇಳಿ ಮಾಡಿ ಎಂದರೆ ಅದು ಅವರಿಗೆ ಮಾಡುವ ಅನ್ಯಾಯ. ಸಭಾಭವನಕ್ಕೆ ಗ್ರಾನೈಟ್ ಹಾಸುವ ದುಡ್ಡಿನಲ್ಲಿ ಇನ್ನಿಬ್ಬರು ಆಯಾಗಳನ್ನು ಇಡಬಹುದು. ಗ್ರಾನೈಟಿನ ಲೆಕ್ಕ ಹಾಕಿ ಬದುಕಿದವನಾಗಿ ಈ ಮಾತು ಹೇಳುತ್ತಿದ್ದೇನೆ.

2017ರಲ್ಲಿ ಬೀದರ್, ಬೆಳಗಾವಿ, ಕಲಬುರಗಿಗಳಲ್ಲಿ ಸಾಗರದಂತೆ ಸೇರಿ, ನಾವು ಯಾರೆಂಬುದನ್ನು ನಾವೇ ಹೇಳುತ್ತೇವೆ, ಬೇರೆಯವರು ತೀರ್ಮಾನಿಸುವುದು ಬೇಡ ಎಂದೆವು. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ಸಿಹಿ ಹಂಚಿದೆವು. ಇಡೀ ಸಮಾಜಕ್ಕೆ ಬೇಕಾದ ಸ್ವಾತಂತ್ರ್ಯ ಆ ಸಮಾಜದ ಒಬ್ಬ ಮುದುಕಿಗೆ ಬಚ್ಚಲುಮನೆಯಲ್ಲಿ ಬೇಡವೇ? ತೀರಿಕೊಂಡ ಮೇಲೆ ಕೂರಿಸಿ, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು ಕ್ರಿಯಾಸಮಾಧಿ ಮಾಡುತ್ತೇವೆ. ಉಸಿರಿರುವಾಗ ಅದೇ ಲಿಂಗ ಸೋಪಿನ ಡಬ್ಬಿಯ ಪಕ್ಕ!

ದೊಡ್ಡಮ್ಮನ ವಿಷಯ ಮುಗಿಸುತ್ತೇನೆ. ಅವರು ಕೇಳಿದ್ದು ಮೂರೇ: ಬೆಳಗಿನ ಆರು ಗಂಟೆ, ಆಯಾ, ಕೊರಳಲ್ಲಿ ಕರಡಿಗೆ. ರಾತ್ರಿ ಪಾಳಿಯವರು ಹೋಗುವ ಮೊದಲೇ ಸ್ನಾನವಾಗುವಂತೆ ವೇಳೆ ಬದಲಿಸಲು ಒಂದು ಪೈಸೆಯೂ ಖರ್ಚಾಗಲಿಲ್ಲ. ಆಮೇಲೂ ಕೆಲವು ದಿನ ಬೇಡ ಎನ್ನುತ್ತಿದ್ದರು, ಆ ದಿನ ಸ್ನಾನವಿರುತ್ತಿರಲಿಲ್ಲ, ಏನೂ ಕೆಡಲಿಲ್ಲ. ಎರಡು ವರ್ಷ ಅಲ್ಲಿಯೇ ಇದ್ದು ಲಿಂಗೈಕ್ಯರಾದರು. ಆದರೆ ಆ ಮೊದಲ ಮೂರು ವಾರಗಳನ್ನು ನಾನು ಅವರಿಗೆ ಹಿಂದಿರುಗಿಸಲಾರೆ.

ನಿಮ್ಮ ಮನೆಯ ಹಿರಿಯರು ಯಾವುದಾದರೂ ಆಶ್ರಮದಲ್ಲಿದ್ದರೆ, ಮುಂದಿನ ಭಾನುವಾರ ಹೋದಾಗ ಹಣ್ಣಿನ ಚೀಲ ಕೊಟ್ಟು ಮ್ಯಾನೇಜರ್ ಕೋಣೆಗೆ ಹೋಗಬೇಡಿ. ಅವರ ಪಕ್ಕ ಕುಳಿತು, ಇಲ್ಲಿ ನಿಮಗೆ ಬೇಡವಾದದ್ದನ್ನು ಯಾರಾದರೂ ಮಾಡುತ್ತಾರೆಯೇ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಅನ್ಯಾಯವಾಗಿದ್ದು ಆಡಳಿತ ಕಿವಿಗೊಡದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ವೃದ್ಧಾಶ್ರಮ ನಡೆಸುವ ಪೂಜ್ಯರಲ್ಲಿ ನನ್ನದೊಂದು ಅರಿಕೆ: ಬರುವ ಬಸವ ಜಯಂತಿಯೊಳಗೆ ಆ ಅರ್ಜಿಯನ್ನೂ ಆ ರಿಜಿಸ್ಟರನ್ನೂ ಬದಲಿಸಲು ಅಪ್ಪಣೆ ಕೊಡಿಸಬೇಕು ಬುದ್ಧಿ.